‘ಮೊರೋಸ್’: ಒಂದು ಇಂಗ್ಲಿಷ್ ಪದವನ್ನು ಪೂರ್ತಿ ನಮ್ಮದು ಮಾಡಿಕೊಳ್ಳುವ ದಾರಿ

ಮನೆಗೆ ನೆಂಟರು ಬಂದಿದ್ದಾರೆ. ಎಲ್ಲರೂ ನಡುಮನೆಯಲ್ಲಿ ಕೂತು ಹರಟುತ್ತಿದ್ದಾರೆ. ಒಬ್ಬರು ಮಾತ್ರ ಮೂಲೆಯ ಕುರ್ಚಿ ಹಿಡಿದಿದ್ದಾರೆ. ಹುಬ್ಬು ಗಂಟಿಕ್ಕಿದೆ, ಮೋರೆ ಸಪ್ಪಗಿದೆ. ಕಾಫಿ ಕೊಟ್ಟರೆ ತಗೊಳ್ಳುತ್ತಾರೆ, ತುಟಿ ಎರಡು ಮಾಡುವುದಿಲ್ಲ. ‘ಏನಾಯ್ತು?’ ಅಂದರೆ ‘ಏನಿಲ್ಲ’ ಅನ್ನುತ್ತಾರೆ. ಅಳುತ್ತಿಲ್ಲ, ಯಾರನ್ನೂ ಬೈಯುತ್ತಿಲ್ಲ. ಆದರೆ ಅವರ ಪಕ್ಕ ಹೋಗಿ ಕೂರಲು ಯಾರಿಗೂ ಮನಸ್ಸಿಲ್ಲ.

ಈ ಮುಖಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ: ಮೊರೋಸ್. ಎಂ, ಒ, ಆರ್, ಒ, ಎಸ್, ಇ.

ನಾನು ಈ ಪದವನ್ನು ಮೊದಲು ಕಲಿತದ್ದು ಒಂದು ಪಟ್ಟಿಯಿಂದ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಮೊರೋಸ್ ಎದುರಿಗೆ ‘ದುಃಖಿತ’ ಅಂತ ಇತ್ತು. ಬಾಯಿಪಾಠ ಮಾಡಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಮ್ಮ ಜೊತೆಗಾರರೊಬ್ಬರ ತಾಯಿ ತೀರಿಕೊಂಡರು. ಎಲ್ಲರ ಪರವಾಗಿ ಕಾರ್ಡ್ ಬರೆಯುವ ಕೆಲಸ ನನಗೆ ಬಂತು. ‘ಸುದ್ದಿ ಕೇಳಿ ನಾವೆಲ್ಲ ಮೊರೋಸ್ ಆಗಿದ್ದೇವೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಹಿರಿಯರೊಬ್ಬರು ಅದನ್ನು ಕಳಿಸುವ ಮೊದಲೇ ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ‘ಇದು ದುಃಖ ಅಲ್ಲಮ್ಮ. ಮುಖ ಗಂಟು ಹಾಕಿಕೊಂಡು ಕೂತಿದ್ದೇವೆ ಅಂತ ಅರ್ಥ ಬರುತ್ತೆ. ಸುಮ್ನೆ ಸ್ಯಾಡ್ ಅಂತ ಬರಿ.’ ಆವತ್ತಿನಿಂದ ನಾನು ಪಟ್ಟಿ ಬಿಟ್ಟೆ. ಒಂದು ಪದಕ್ಕೆ ಒಂದು ವಾರ ಕೊಡತೊಡಗಿದೆ. ಕಲಿತ ಪದಗಳ ಲೆಕ್ಕ ಕಡಿಮೆಯಾಯಿತು. ಆದರೆ ಕಲಿತದ್ದು ಬೇಕಾದಾಗ ಬಾಯಿಗೆ ಬರುತ್ತದೆ, ಬೇಡವಾದ ಕಡೆ ಬರುವುದಿಲ್ಲ.

ಆ ವಾರದ ಕೆಲಸ ಹೇಗೆ ನಡೆಯುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಇದೇ ಮೊರೋಸ್. ಒಂದು ನೋಟ್‌ಬುಕ್, ಒಂದು ಪೆನ್ನು, ಇಂಟರ್ನೆಟ್ ಇರುವ ಫೋನ್ ಇದ್ದರೆ ಸಾಕು. ಮೊದಲ ದಿನ ಅರ್ಧ ಗಂಟೆ ಬೇಕು. ಆಮೇಲೆ ದಿನಕ್ಕೆ ಎರಡು ಮೂರು ನಿಮಿಷ.

ಹೆಜ್ಜೆ 1: ನಿಘಂಟಿಗೆ ಮೊದಲು ಮುಖ

ನಿಘಂಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ನಿಮಗೆ ಗೊತ್ತಿರುವ ಒಬ್ಬ ಮೊರೋಸ್ ಮನುಷ್ಯರನ್ನು ನೆನಪಿಸಿಕೊಳ್ಳಿ. ನಿಜವಾದ ಮನುಷ್ಯರೇ ಆಗಿರಲಿ. ಅವರು ಎಲ್ಲಿ ಕೂರುತ್ತಾರೆ, ಕೈ ಎಲ್ಲಿಡುತ್ತಾರೆ, ಕೇಳಿದ್ದಕ್ಕೆ ಹೇಗೆ ಉತ್ತರ ಕೊಡುತ್ತಾರೆ, ಎಲ್ಲ ಕಣ್ಣ ಮುಂದೆ ಬರಲಿ.

ಈಗ ಅವರ ಬಗ್ಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ, ಬರೆಯಿರಿ. ಕನ್ನಡದಲ್ಲಿ ಇದಕ್ಕೆ ಬರವಿಲ್ಲ. ಮುಖ ಗಂಟು ಹಾಕಿಕೊಂಡಿದ್ದಾನೆ. ಮೂತಿ ಊದಿಸಿಕೊಂಡಿದ್ದಾಳೆ. ಜೋಲು ಮೋರೆ. ಹ್ಯಾಪು ಮೋರೆ. ಸಪ್ಪೆ ಮೋರೆ. ಮಂಕು ಬಡಿದ ಹಾಗೆ ಕೂತಿದ್ದಾನೆ. ನಮ್ಮ ಅಜ್ಜಿ ಹೇಳುತ್ತಿದ್ದದ್ದು, ‘ಯಾಕೋ ಹರಳೆಣ್ಣೆ ಕುಡಿದೋರ ಥರ ಕೂತಿದೀಯ?’

ಇವೆಲ್ಲ ಒಂದೇ ಅಲ್ಲ ಎಂಬುದು ನಿಮಗೆ ಯಾರೂ ಹೇಳಿಕೊಡದೆ ಗೊತ್ತಿದೆ. ಮೂತಿ ಊದಿಸಿಕೊಂಡ ಮಗುವನ್ನು ಎತ್ತಿ ಮುದ್ದು ಮಾಡಬಹುದು. ಗಂಟಿಕ್ಕಿದ ಮುಖದವರನ್ನು ಹಾಗೆ ಮಾಡಲು ಹೋಗುವುದಿಲ್ಲ. ಹ್ಯಾಪು ಮೋರೆ ಕಂಡರೆ ಅಯ್ಯೋ ಅನ್ನಿಸುತ್ತದೆ. ಈ ಬೇರೆ ಬೇರೆ ರುಚಿ ನಿಮ್ಮ ನಾಲಿಗೆಯ ಮೇಲೆ ಆಗಲೇ ಇದೆ. ಇಂಗ್ಲಿಷ್ ಪದವನ್ನು ಕೂರಿಸಬೇಕಾದದ್ದು ಇದರ ಪಕ್ಕದಲ್ಲೇ. ಪಟ್ಟಿ ಮಾಡುವವರು ಇಷ್ಟೊಂದು ಮಾತುಗಳಿದ್ದೂ ‘ದುಃಖಿತ’, ‘ಖಿನ್ನ’ ಎಂದು ಯಾಕೆ ಬರೆಯುತ್ತಾರೋ ನನಗೆ ತಿಳಿಯದು. ಹಾಗೆ ಬರೆದಾಗ ಒಂದು ಗೊತ್ತಿಲ್ಲದ ಪದಕ್ಕೆ ಇನ್ನೊಂದು ದೂರದ ಪದ ಕೊಟ್ಟಂತಾಗುತ್ತದೆ, ಅಲ್ವಾ?

ಮೊರೋಸ್‌ಗೆ ನಾನು ಆರಿಸಿಕೊಂಡದ್ದು ಎರಡು: ‘ಮುಖ ಗಂಟು’ ಮತ್ತು ‘ಸಪ್ಪೆ ಮೋರೆ’. ಎರಡೂ ಬೇಕು. ಬರೀ ಗಂಟಾದರೆ ಅದು ಸಿಟ್ಟು. ಬರೀ ಸಪ್ಪೆಯಾದರೆ ಅದು ಬೇಸರ. ಎರಡೂ ಸೇರಿ, ಮೇಲೆ ಮಾತು ನಿಂತರೆ ಅದು ಮೊರೋಸ್.

ಇಷ್ಟಾದ ಮೇಲೆ ನಿಘಂಟು ತೆರೆಯಿರಿ. ಇಂಗ್ಲಿಷ್–ಇಂಗ್ಲಿಷ್ ನಿಘಂಟೇ ಒಳ್ಳೆಯದು. ಕೇಂಬ್ರಿಜ್, ಮೆರಿಯಮ್-ವೆಬ್‌ಸ್ಟರ್, ಆಕ್ಸ್‌ಫರ್ಡ್ ಲರ್ನರ್ಸ್ ಮೂರೂ ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಮೊರೋಸ್ ಎಂದರೆ ಬೇಸರ ಮಾತ್ರವಲ್ಲ, ಅದರ ಜೊತೆ ಸಿಡುಕು ಅಥವಾ ಮಾತು ಬೇಡದ ಸ್ವಭಾವವೂ ಇರುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ನೀವು ಕನ್ನಡದಲ್ಲಿ ಬರೆದದ್ದರ ಜೊತೆ ಹೋಲಿಸಿ ನೋಡಿ. ಹೊಂದಿದರೆ ಮುಂದಕ್ಕೆ ಹೋಗಿ.

ಹೆಜ್ಜೆ 2: ಕಿವಿಗೆ ಹಾಕಿಕೊಳ್ಳಿ

ನಿಘಂಟಿನ ಪುಟದಲ್ಲಿ ಸ್ಪೀಕರ್ ಗುರುತು ಇರುತ್ತದೆ. ಒತ್ತಿ ಐದು ಸಲ ಕೇಳಿ. ಆಮೇಲೆ ಜೋರಾಗಿ ಹೇಳಿ.

ಎರಡು ವಿಷಯ ಗಮನಿಸಿ. ಒಂದು, ಒತ್ತು ಎರಡನೇ ಭಾಗದ ಮೇಲೆ ಬೀಳುತ್ತದೆ. ಮೊದಲಿನ ‘ಮೊ’ ತುಂಬ ಚಿಕ್ಕದು, ಹೆಚ್ಚುಕಡಿಮೆ ‘ಮ’ ಎಂದೇ ಕೇಳುತ್ತದೆ. ‘ರೋಸ್’ ಉದ್ದ ಮತ್ತು ಗಟ್ಟಿ. ನಾವು ಕನ್ನಡದವರು ಪದದ ಮೊದಲ ಅಕ್ಷರವನ್ನೇ ಗಟ್ಟಿಯಾಗಿ ಹಿಡಿಯುತ್ತೇವೆ. ಹಾಗೆ ಹೇಳಿದರೆ ಇಂಗ್ಲಿಷ್ ಕಿವಿಗೆ ಪದ ಗುರುತು ಸಿಗುವುದು ಕಷ್ಟ.

ಎರಡು, ಕೊನೆಯ ಸದ್ದು ‘ಸ್’. ಬರೆಯುವಾಗ ಇದರಲ್ಲಿ ಗುಲಾಬಿ ಹೂವಿನ ರೋಸ್ ಕಾಣುತ್ತದೆ. ಆ ಹೂವಿನ ಹೆಸರನ್ನು ಇಂಗ್ಲಿಷಿನವರು ‘ರೋಜ಼್’ ಎನ್ನುತ್ತಾರೆ. ಅದನ್ನು ನೋಡಿ ಕೆಲವರು ‘ಮೊರೋಜ್’ ಎಂದುಬಿಡುತ್ತಾರೆ. ಅದು ತಪ್ಪು. ಲಸಿಕೆಯ ‘ಡೋಸ್’ ನೆನಪಿಡಿ. ಮೊದಲ ಡೋಸ್, ಎರಡನೇ ಡೋಸ್ ಅಂತ ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತಲ್ಲ, ಅದೇ ಡೋಸ್. ಡೋಸ್, ಮೊರೋಸ್. ಪ್ರಾಸ ಸರಿ ಕೂರುತ್ತದೆ.

ಬೇರೆ ಬೇರೆ ಜನರ ಬಾಯಲ್ಲಿ ಕೇಳಬೇಕೆಂದರೆ ಯೂಗ್ಲಿಶ್ ಎಂಬ ತಾಣವಿದೆ. ಪದ ಹಾಕಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಅದನ್ನು ಯಾರು ಎಲ್ಲಿ ಹೇಳಿದ್ದಾರೋ ಆ ಜಾಗವನ್ನೇ ತೋರಿಸುತ್ತದೆ. ಹತ್ತು ಸಲ ಕೇಳಿದರೆ ಸಾಕು.

ಹೆಜ್ಜೆ 3: ಕನ್ನಡದ ಕೊಕ್ಕೆಗೆ ಸಿಕ್ಕಿಸಿ

ನನಗೆ ತುಂಬ ಇಷ್ಟವಾದ ಭಾಗ ಇದು.

ಹೊಸ ಪದದ ಸದ್ದನ್ನು ನಮ್ಮ ಭಾಷೆಯಲ್ಲಿ ಅದೇ ಥರ ಕೇಳುವ ಇನ್ನೊಂದು ಪದಕ್ಕೆ ಜೋಡಿಸಿ, ಎರಡನ್ನೂ ಸೇರಿಸಿ ಒಂದು ಚಿತ್ರ ಮಾಡಿಕೊಳ್ಳುವುದಕ್ಕೆ ಕೀವರ್ಡ್ ವಿಧಾನ ಎನ್ನುತ್ತಾರೆ. ಅಮೆರಿಕದ ಸಂಶೋಧಕರಾದ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕಲ್ ರಾ 1975ರಲ್ಲಿ ಇದನ್ನು ರಷ್ಯನ್ ಪದಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಈ ರೀತಿ ಕಲಿತ ವಿದ್ಯಾರ್ಥಿಗಳಿಗೆ ಉಳಿದವರಿಗಿಂತ ಜಾಸ್ತಿ ಪದಗಳು ನೆನಪಿದ್ದವು.

ಮೊರೋಸ್‌ಗೆ ಕನ್ನಡದಲ್ಲಿ ಕೊಕ್ಕೆ ಹುಡುಕಲು ನಾನು ಒದ್ದಾಡಲೇ ಇಲ್ಲ. ಪದವನ್ನು ನಿಧಾನಕ್ಕೆ ಹೇಳಿ ನೋಡಿ. ಮೊ–ರೋಸ್. ಮುಂದೆ ‘ಮೋರೆ’ ಕೇಳುತ್ತದೆ. ಹಿಂದೆ ‘ರೋಸು’ ಕೇಳುತ್ತದೆ. ಜನ ರೋಸಿಹೋಗಿದ್ದಾರೆ ಅನ್ನುತ್ತೇವಲ್ಲ, ಅದೇ ರೋಸು.

ಮೋರೆ, ರೋಸು, ಮೊರೋಸ್. ರೋಸಿಹೋದವರ ಮೋರೆ.

ಅರ್ಥ, ಸದ್ದು ಎರಡೂ ಒಟ್ಟಿಗೆ ಸಿಕ್ಕವು. ರೋಸು ಎನ್ನುವುದರಲ್ಲಿ ‘ಸ’ ಇರುವುದರಿಂದ ಬಾಯಿ ‘ಮೊರೋಜ್’ ಕಡೆಗೆ ಜಾರುವುದೂ ಇಲ್ಲ. ಇದನ್ನು ಕಂಡುಕೊಂಡ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ನಮ್ಮ ಭಾಷೆಯೇ ಕೈಹಿಡಿದು ಇನ್ನೊಂದು ಭಾಷೆಯ ಹೊಸ್ತಿಲು ದಾಟಿಸಿದ ಹಾಗೆ ಅನ್ನಿಸಿತ್ತು.

ಒಂದು ಎಚ್ಚರಿಕೆ. ಇದು ನೆನಪಿಗೆ ಮಾಡಿಕೊಂಡ ಕೊಕ್ಕೆ ಅಷ್ಟೇ. ಕನ್ನಡದ ಮೋರೆಗೂ ಇಂಗ್ಲಿಷಿನ ಮೊರೋಸ್‌ಗೂ ರಕ್ತಸಂಬಂಧವಿಲ್ಲ. ಮಕ್ಕಳಿಗೆ ಹೇಳಿಕೊಡುವಾಗ ಇದನ್ನು ಬಿಡಿಸಿ ಹೇಳಿ. ಇಲ್ಲದಿದ್ದರೆ ಅವರು ಅದನ್ನೇ ಪದದ ಹುಟ್ಟು ಎಂದು ನಂಬುತ್ತಾರೆ.

ಚಿತ್ರ ನಿಮ್ಮದೇ ಆಗಿರಲಿ. ಮೊದಲ ಹೆಜ್ಜೆಯಲ್ಲಿ ನೆನೆಸಿಕೊಂಡ ಮನುಷ್ಯರ ಮೋರೆಯನ್ನೇ ತಂದುಕೊಳ್ಳಿ. ಅವರು ಯಾವುದರಿಂದ ರೋಸಿಹೋಗಿದ್ದಾರೆ? ನಿಂತಲ್ಲೇ ನಿಂತ ಬಸ್ಸೋ, ಮೂರು ದಿನದಿಂದ ಬಾರದ ನೀರೋ, ಮಾತು ಕೇಳದ ಮಗನೋ? ಕಣ್ಣು ಮುಚ್ಚಿ ಹತ್ತು ಸೆಕೆಂಡ್ ಆ ಮೋರೆ ನೋಡಿ. ಆಮೇಲೆ ಒಂದು ಸಲ ‘ಮೊರೋಸ್’ ಎನ್ನಿ.

ಹೆಜ್ಜೆ 4: ನಿಜವಾದ ಬೇರು

ಇದು ಎಲ್ಲರಿಗೂ ಬೇಕಾಗಿಲ್ಲ, ಆದರೆ ತಿಳಿದರೆ ಪದ ಗಟ್ಟಿಯಾಗುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ‘ಮೋಸ್’ ಎಂದರೆ ರೂಢಿ, ನಡೆ. ‘ಓಸುಸ್’ ಎಂಬ ಬಾಲ ಸೇರಿದರೆ ‘ತುಂಬಿದ’ ಎಂಬ ಅರ್ಥ. ಮಾತು ತುಂಬಿದ್ದು ‘ವರ್ಬೋಸ್’ ಆಗುವುದು ಇದೇ ಬಾಲದಿಂದ. ಹಾಗೆ ‘ಮೊರೋಸುಸ್’ ಎಂದರೆ ತನ್ನದೇ ರೀತಿ ತುಂಬಿಕೊಂಡವನು. ತನಗೆ ಬೇಕಾದ ಹಾಗೆಯೇ ಎಲ್ಲ ಆಗಬೇಕು, ಇಲ್ಲದಿದ್ದರೆ ಸಿಡಿಮಿಡಿ. ಕನ್ನಡದಲ್ಲಿ ‘ಅವನದೊಂದು ಚಾಳಿ’ ಅನ್ನುತ್ತೇವಲ್ಲ, ಆ ಕಡೆಯ ಮಾತು. 16ನೇ ಶತಮಾನದಲ್ಲಿ ಇದು ಇಂಗ್ಲಿಷಿಗೆ ಬಂತು. ನೀತಿಯ ‘ಮಾರಲ್’ ಕೂಡ ಇದೇ ಬೇರಿನದು.

ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮುಪ್ಪಿನ ಬಗ್ಗೆ ಒಂದು ಬರಹ ಬರೆದ. ಮುದುಕರು ಮೊರೋಸ್, ಸದಾ ಆತಂಕ, ಮುಂಗೋಪ, ಅವರ ಜೊತೆ ಏಗುವುದು ಕಷ್ಟ ಎಂದು ಜನ ದೂರುತ್ತಾರಲ್ಲ, ಆ ದೂರನ್ನು ಅಲ್ಲಿ ಎತ್ತಿಕೊಳ್ಳುತ್ತಾನೆ. ಇವು ಮುಪ್ಪಿನ ದೋಷಗಳಲ್ಲ, ನಡತೆಯ ದೋಷಗಳು ಎಂದು ಉತ್ತರ ಕೊಡುತ್ತಾನೆ. ನಡತೆ ಎನ್ನಲು ಅವನು ಬಳಸಿದ್ದು ಅದೇ ‘ಮೋಸ್’ ಪದದ ರೂಪ. ಎರಡು ಸಾವಿರ ವರ್ಷ ಕಳೆದರೂ ಪದದ ಗುಣ ಹಾಗೇ ಇದೆ. ಮೊರೋಸ್ ಅಂದಾಗ ಬಂದುಹೋಗುವ ಬೇಸರಕ್ಕಿಂತ ಸ್ವಭಾವದ ಕಡೆಗೇ ಬೆರಳು ತೋರಿಸುತ್ತದೆ. ಒಂದು ದಿನದ ಮೂಡಿಗೂ ಬಳಸಬಹುದು, ಬಳಸುತ್ತಾರೆ. ಆದರೆ ‘ಅವರು ಯಾವಾಗಲೂ ಹಾಗೇ’ ಎಂಬ ನೆರಳು ಅದರ ಹಿಂದೆ ಇದ್ದೇ ಇರುತ್ತದೆ.

ಹೆಜ್ಜೆ 5: ಅಕ್ಕಪಕ್ಕದವರ ಪರಿಚಯ

ಪಟ್ಟಿ ಓದಿ ಕಲಿತವರಿಗೆ ಇಲ್ಲೇ ತೊಡಕು. ಸ್ಯಾಡ್, ಗ್ಲೂಮಿ, ಗ್ಲಮ್, ಸಲನ್, ಸಲ್ಕಿ, ಮೆಲಂಕಲಿ, ಮೊರೋಸ್ ಎಲ್ಲಕ್ಕೂ ‘ಬೇಸರ’ ಎಂದು ಬರೆದು ಮುಗಿಸಿರುತ್ತಾರೆ. ಇವುಗಳ ನಡುವಿನ ಗೋಡೆ ಕಂಡರೆ ಮಾತ್ರ ಪದ ನಿಮ್ಮದು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಗ್ಲೂಮಿಯಿಂದ ಶುರು ಮಾಡಿ. ಇದು ಬೆಳಕಿಗೆ ಸಂಬಂಧಪಟ್ಟ ಪದ. ಮಂಕು, ಮಬ್ಬು. ಜುಲೈ ತಿಂಗಳಲ್ಲಿ ಆಗುಂಬೆಯ ಮಧ್ಯಾಹ್ನ ಹೇಗಿರುತ್ತದೆ? ಮೂರು ಗಂಟೆಗೇ ಸಂಜೆಯಾದ ಹಾಗೆ. ಅದು ಗ್ಲೂಮಿ. ಕಿಟಕಿ ಇಲ್ಲದ ಕೋಣೆ ಗ್ಲೂಮಿ. ಬೆಳೆ ಕೈಕೊಟ್ಟ ವರ್ಷದ ಸುದ್ದಿ ಗ್ಲೂಮಿ. ಮನುಷ್ಯರೂ ಗ್ಲೂಮಿ ಆಗಬಹುದು. ಆದರೆ ಮಳೆ, ಕೋಣೆ, ಸುದ್ದಿ ಯಾವತ್ತೂ ಮೊರೋಸ್ ಆಗುವುದಿಲ್ಲ. ಮೊರೋಸ್‌ಗೆ ಒಂದು ಮೋರೆ ಬೇಕು. ನಮ್ಮ ಕೊಕ್ಕೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೋರೆ ಇಲ್ಲದ್ದಕ್ಕೆ ಮೊರೋಸ್ ಇಲ್ಲ. ಮನುಷ್ಯ, ಅವನ ಮುಖ, ಅವನ ಮೂಡು, ಅವನ ಮೌನ, ಇಷ್ಟಕ್ಕೇ ಅದು ನಿಲ್ಲುತ್ತದೆ.

ಸಲನ್ ತುಂಬ ಹತ್ತಿರದ ನೆಂಟ. ಒಂಟಿ ಎಂಬ ಅರ್ಥದ ಲ್ಯಾಟಿನ್ ‘ಸೋಲುಸ್’ ಅದರ ಮೂಲ. ಸಲನ್ ಮನುಷ್ಯನ ಒಳಗೆ ಸಿಟ್ಟು ಜಾಸ್ತಿ. ಅಪ್ಪ ಬೈದಿದ್ದಾರೆ, ಹದಿನಾರರ ಹುಡುಗ ಎದುರು ಮಾತಾಡದೆ ತಲೆ ತಗ್ಗಿಸಿ ನಿಂತಿದ್ದಾನೆ, ಕಣ್ಣಲ್ಲಿ ಮಾತ್ರ ಕಿಡಿ ಇದೆ. ಅದು ಸಲನ್. ಅವನಿಗೆ ಯಾರ ಮೇಲೋ ಕೋಪವಿದೆ. ಮೊರೋಸ್ ಮನುಷ್ಯನಿಗೆ ಇಂಥವರ ಮೇಲೆ ಅಂತ ಇರಬೇಕಿಲ್ಲ. ಲೋಕದ ಮೇಲೆಯೇ ಬೇಜಾರು.

ಸಲ್ಕಿ ಅಂದರೆ ಮುನಿಸು. ಮೂತಿ ಊದಿಸಿಕೊಳ್ಳುವುದು. ಯಾರಾದರೂ ಬಂದು ಸಮಾಧಾನ ಮಾಡಲಿ ಎಂದು ಕಾಯುವ ಮುಖ ಅದು. ಐಸ್‌ಕ್ರೀಮ್ ಸಿಗದ ಮಗು ಸಲ್ಕಿ. ಮೊರೋಸ್ ಮನುಷ್ಯ ಕಾಯುತ್ತಿಲ್ಲ. ಯಾರೂ ಬರದಿದ್ದರೆ ಅವನಿಗೆ ಒಳ್ಳೆಯದೇ.

ಗ್ಲಮ್ ಚಿಕ್ಕದು, ಹಗುರ. ಹ್ಯಾಪು ಮೋರೆಗೆ ಹತ್ತಿರ. ಪಿಕ್ನಿಕ್ ರದ್ದಾಯಿತು, ಮಕ್ಕಳೆಲ್ಲ ಗ್ಲಮ್. ಸಂಜೆಗೆ ಸರಿಹೋಗುತ್ತದೆ.

ಮೆಲಂಕಲಿಯ ದಾರಿಯೇ ಬೇರೆ. ಗ್ರೀಕ್ ಭಾಷೆಯಲ್ಲಿ ಕಪ್ಪು ಪಿತ್ತ ಎಂದು ಅದರ ಅರ್ಥ. ಮೈಯಲ್ಲಿ ನಾಲ್ಕು ರಸಗಳಿವೆ, ಕಪ್ಪು ಪಿತ್ತ ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ ಎಂದು ಹಳೆಯ ಗ್ರೀಕ್ ವೈದ್ಯರು ನಂಬಿದ್ದರು. ನಮ್ಮಲ್ಲಿ ‘ಪಿತ್ತ ನೆತ್ತಿಗೇರಿತು’ ಎಂದರೆ ಸಿಟ್ಟು. ಅವರಲ್ಲಿ ಕಪ್ಪು ಪಿತ್ತ ಎಂದರೆ ವಿಷಾದ. ಮೆಲಂಕಲಿಯಲ್ಲಿ ಒಂದು ಮೆದುತನ ಇದೆ, ಸೊಗಸೂ ಇದೆ. ಒಂದು ರಾಗ ಮೆಲಂಕಲಿ ಆಗಬಹುದು. ಊರು ಬಿಟ್ಟು ಬಂದವರಿಗೆ ಸಂಜೆ ಹೊತ್ತು ಆಗುವುದೂ ಅದೇ. ಮೊರೋಸ್‌ನಲ್ಲಿ ಸೊಗಸು ಇಲ್ಲ.

ನೋಟ್‌ಬುಕ್ಕಿನಲ್ಲಿ ಈ ಪದಗಳ ಎದುರು ಅರ್ಥ ಬರೆಯಬೇಡಿ. ಒಬ್ಬೊಬ್ಬ ಮನುಷ್ಯನನ್ನು ಬರೆಯಿರಿ. ಸಲ್ಕಿ ಎದುರು ‘ತಂಗಿ ಮಗಳು, ಐಸ್‌ಕ್ರೀಮ್’. ಸಲನ್ ಎದುರು ‘ಹತ್ತನೇ ಕ್ಲಾಸಿನಲ್ಲಿ ನಾನು’. ಮೊರೋಸ್ ಎದುರು ಆ ಮೂಲೆಯ ಕುರ್ಚಿ.

ಕಾಗುಣಿತದಲ್ಲಿ ಹತ್ತಿರ, ಅರ್ಥದಲ್ಲಿ ದೂರ ಇರುವ ಮೂರು ಪದಗಳನ್ನೂ ಒಮ್ಮೆ ನೋಡಿಬಿಡಿ. ‘ಮೊರಾಸ್’ ಎಂದರೆ ಜೌಗು ನೆಲ, ಸಿಕ್ಕಿಬಿದ್ದರೆ ಏಳಲಾಗದ ಕೆಸರು. ‘ಮಾರ್ಬಿಡ್’ ರೋಗ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಸಾವು ನೋವುಗಳನ್ನೇ ಮೆಲುಕು ಹಾಕುವ ಮನಸ್ಸಿಗೆ ಬಳಸುತ್ತಾರೆ. ‘ರಿಮಾರ್ಸ್’ ಎಂದರೆ ಮಾಡಿದ ತಪ್ಪು ಮನಸ್ಸನ್ನು ಕುಟುಕುವುದು. ಅದರ ಮೂಲದ ಅರ್ಥವೇ ಮತ್ತೆ ಮತ್ತೆ ಕಚ್ಚುವುದು.

ಹೆಜ್ಜೆ 6: ಎಲ್ಲಿ ಬಳಸಬಾರದು

ಸಾವಿನ ಮನೆಯಲ್ಲಿ ಬಳಸಬಾರದು. ನನ್ನ ಕಾರ್ಡಿನ ಕಥೆ ಹೇಳಿದೆನಲ್ಲ. ದುಃಖಕ್ಕೆ ಕಾರಣವಿದ್ದು, ಅದನ್ನು ನಾವು ಗೌರವಿಸುತ್ತಿದ್ದರೆ ಸ್ಯಾಡ್ ಸಾಕು. ಇನ್ನೂ ಆಳ ಬೇಕಿದ್ದರೆ ‘ಗ್ರೀವಿಂಗ್’.

ಮೊರೋಸ್ ಎನ್ನುವುದರಲ್ಲಿ ಒಂದು ಸಣ್ಣ ದೂರು ಅಡಗಿದೆ. ಹಾಗಾಗಿ ಎದುರಿಗಿರುವವರಿಗೆ ಹೇಳುವಾಗ ಸಲುಗೆ ನೋಡಿಕೊಳ್ಳಿ. ಗೆಳೆಯನಿಗೆ ‘ವೈ ಆರ್ ಯು ಸೋ ಮೊರೋಸ್ ಟುಡೇ?’ ಅನ್ನಬಹುದು. ಆಫೀಸಿನ ಮೇಲಧಿಕಾರಿಗೆ ಇಮೇಲಿನಲ್ಲಿ ಬರೆಯಬೇಡಿ. ಕನ್ನಡದಲ್ಲಿ ‘ಯಾಕ್ ಸಾರ್ ಮುಖ ಗಂಟು ಹಾಕ್ಕೊಂಡಿದೀರ’ ಎಂದು ಯಾರಿಗೆ ಕೇಳಬಲ್ಲಿರೋ ಅವರಿಗೆ ಇದನ್ನೂ ಕೇಳಬಹುದು. ಈ ಅಳತೆ ಒಂದು ಸಲವೂ ನನ್ನ ಕೈಬಿಟ್ಟಿಲ್ಲ.

ಇನ್ನೊಂದು ವಿಷಯ, ಇದನ್ನು ಹೇಳದೆ ಮುಂದೆ ಹೋಗಲಾರೆ. ಒಬ್ಬರು ವಾರಗಟ್ಟಲೆ ಮಾತು ಬಿಟ್ಟಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ, ಅವರನ್ನು ಮೊರೋಸ್ ಎಂದು ಕರೆದು ಸುಮ್ಮನಾಗಬೇಡಿ. ಅದು ಸ್ವಭಾವವಲ್ಲ, ಕಾಯಿಲೆ ಇರಬಹುದು. ಇಂಥ ಕಷ್ಟದಲ್ಲಿರುವವರಿಗಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಶುರು ಮಾಡಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ನೋಟ್‌ಬುಕ್ಕಿನ ಇದೇ ಪುಟದಲ್ಲಿ ಆ ಸಂಖ್ಯೆ ಬರೆದಿಡಿ.

ಹೆಜ್ಜೆ 7: ನಿಮ್ಮ ಬದುಕಿನಿಂದ ಐದು ವಾಕ್ಯ

ಪದಗಳು ಜೊತೆಗಾರರ ಜೊತೆ ಓಡಾಡುತ್ತವೆ. ಮೊರೋಸ್ ಸಾಮಾನ್ಯವಾಗಿ ಯಾರ ಜೊತೆ ಕಾಣಿಸಿಕೊಳ್ಳುತ್ತದೆ? ‘ಮೊರೋಸ್ ಸೈಲೆನ್ಸ್’, ‘ಮೊರೋಸ್ ಎಕ್ಸ್‌ಪ್ರೆಶನ್’, ‘ಮೊರೋಸ್ ಮೂಡ್’. ಕ್ರಿಯೆಯ ಜೊತೆ ‘ಲುಕ್ ಮೊರೋಸ್’, ‘ಬಿಕಮ್ ಮೊರೋಸ್’. ಬಾಲ ಸೇರಿಸಿದರೆ ‘ಮೊರೋಸ್‌ಲಿ’, ಅಂದರೆ ಹಾಗೆ ಮುಖ ಮಾಡಿಕೊಂಡು. ಈ ಆರು ಜೋಡಿಗಳನ್ನು ಬರೆದುಕೊಳ್ಳಿ.

ಈಗ ವಾಕ್ಯ ಮಾಡಿ. ನಿಘಂಟಿನ ವಾಕ್ಯ ನಕಲು ಮಾಡಬೇಡಿ. ಅದರಲ್ಲಿರುವವರು ನಿಮಗೆ ಯಾರೂ ಅಲ್ಲ. ನಿಮ್ಮ ಮನೆ, ನಿಮ್ಮ ಬೀದಿ ಇರಲಿ. ನನ್ನ ನೋಟ್‌ಬುಕ್ಕಿನಿಂದ ಒಂದು ಕೊಡುತ್ತೇನೆ. 2016ರ ಮೇ 29, ಐಪಿಎಲ್ ಫೈನಲ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ನಮ್ಮ ಆರ್‌ಸಿಬಿ ಗೆಲುವಿನ ಹತ್ತಿರ ಬಂದು ಹೈದರಾಬಾದ್ ಎದುರು 8 ರನ್ನಿನಿಂದ ಸೋತಿತು. ನಮ್ಮ ಚಿಕ್ಕಪ್ಪ ಟಿವಿ ಆರಿಸಿದರು. ಊಟಕ್ಕೆ ಕರೆದರೆ ಬರಲಿಲ್ಲ. ಮಾರನೇ ದಿನ ಸಂಜೆಯವರೆಗೆ ಯಾರ ಜೊತೆಯೂ ಮಾತಾಡಲಿಲ್ಲ. ನಾನು ಬರೆದದ್ದು: ‘ಆಫ್ಟರ್ ದ ಫೈನಲ್, ಮೈ ಅಂಕಲ್ ಸ್ಯಾಟ್ ಇನ್ ಮೊರೋಸ್ ಸೈಲೆನ್ಸ್ ಅಂಡ್ ರೆಫ್ಯೂಸ್ಡ್ ಡಿನರ್.’ ಈ ವಾಕ್ಯ ನನಗೆ ಮರೆಯುವುದಿಲ್ಲ. ಆ ರಾತ್ರಿ ಮರೆತಿದ್ದರೆ ತಾನೇ ವಾಕ್ಯ ಮರೆಯುವುದು?

ಒಂದು ವಾಕ್ಯ ಮುಖದ ಬಗ್ಗೆ, ಒಂದು ಮೌನದ ಬಗ್ಗೆ, ಒಂದು ಸ್ವಭಾವದ ಬಗ್ಗೆ ಇರಲಿ. ಒಂದರಲ್ಲಿ ‘ಮೊರೋಸ್‌ಲಿ’ ಬರಲಿ. ಕೊನೆಯದು ‘ಅವರು ಮೊರೋಸ್ ಅಲ್ಲ, ಬರೀ ದಣಿದಿದ್ದಾರೆ’ ಎಂಬ ಥರದ್ದಾಗಿರಲಿ. ಪದ ಏನಲ್ಲ ಎಂದು ಬರೆದಾಗ ಅದರ ಗಡಿ ಚೆನ್ನಾಗಿ ಗೊತ್ತಾಗುತ್ತದೆ.

ಹೆಜ್ಜೆ 8: ಮತ್ತೆ ಮತ್ತೆ ಭೇಟಿ

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಹೊಸದರಲ್ಲೇ ಮರೆವು ಜಾಸ್ತಿ, ಆಮೇಲೆ ಅದರ ವೇಗ ತಗ್ಗುತ್ತದೆ ಎಂಬುದು ಅವನಿಗೆ ಕಂಡಿತು. ಬಿಡುವು ಕೊಟ್ಟು ಮತ್ತೆ ನೋಡಿದರೆ ಲಾಭ ಹೆಚ್ಚು ಎಂಬುದೂ ತಿಳಿಯಿತು.

ನಾನು ಇಟ್ಟುಕೊಂಡಿರುವ ದಿನಗಳು ಇವು: ಕಲಿತ ಮಾರನೇ ದಿನ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ಒಂದು ತಿಂಗಳು. ಕ್ಯಾಲೆಂಡರಿನಲ್ಲಿ ಚುಕ್ಕೆ ಇಡಿ. ಆ ದಿನ ಪದ ನೋಡಿ ಅರ್ಥ ನೆನೆಯಬೇಡಿ, ಉಲ್ಟಾ ಮಾಡಿ. ಚೀಟಿಯ ಒಂದು ಕಡೆ ‘ರೋಸಿಹೋದ ಮೋರೆ, ಮೂಲೆಯ ಕುರ್ಚಿ, ಮಾತಿಲ್ಲ’ ಎಂದು ಬರೆದಿರಿ. ಅದನ್ನು ನೋಡಿ ಇಂಗ್ಲಿಷ್ ಪದ ಬಾಯಿಂದ ಹೊರಡಬೇಕು. ಇದು ಕಷ್ಟ. ಆದರೆ ಮಾತಾಡುವಾಗ ಬೇಕಾಗುವುದು ಇದೇ ದಿಕ್ಕು.

ಚೀಟಿ ಬೇಡ ಅನ್ನುವವರು ಆಂಕಿ ಎಂಬ ತಂತ್ರಾಂಶ ಬಳಸಬಹುದು. ಯಾವ ದಿನ ಯಾವ ಪದ ಎಂದು ಅದೇ ಲೆಕ್ಕ ಹಾಕುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಪುಕ್ಕಟೆ, ಐಫೋನಿಗೆ ಮಾತ್ರ ದುಡ್ಡು. ಬೇರೆಯವರು ಮಾಡಿಟ್ಟ ಸಾವಿರ ಪದಗಳ ಕಟ್ಟನ್ನು ಇಳಿಸಿಕೊಳ್ಳುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅದು ಮತ್ತೆ ಆ ಹಳೆಯ ಪಟ್ಟಿಯೇ.

ಪರೀಕ್ಷೆಗೆ ಓದುವವರಿಗೆ

ಕೇಂದ್ರ ಸರ್ಕಾರದ ಹುದ್ದೆಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಳೆಯುತ್ತಾರೆ. ಸಮಾನ ಪದ ಕೇಳಿದಾಗ ಮೊರೋಸ್‌ಗೆ ಸಲನ್ ಅಥವಾ ಗ್ಲೂಮಿ ಆಯ್ಕೆಯಲ್ಲಿದ್ದರೆ ಗುರುತಿಸಿ. ಎರಡೂ ಇದ್ದರೆ ಸಲನ್ ಹೆಚ್ಚು ಹತ್ತಿರ. ವಿರುದ್ಧ ಪದಕ್ಕೆ ‘ಚಿಯರ್‌ಫುಲ್’ ಅಥವಾ ‘ಜೋವಿಯಲ್’. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಾದರೆ ಮೊದಲು ನೋಡಬೇಕಾದದ್ದು ಒಂದೇ: ವಾಕ್ಯದಲ್ಲಿ ಮೋರೆ ಇದೆಯಾ?

ಮುಂದಿನ ವಾರಕ್ಕೆ ಒಂದು ಜೋಡಿ

ವಿರುದ್ಧ ಪದ ಎಂದು ಈಗ ಹೇಳಿದ ಜೋವಿಯಲ್ ಬಂದದ್ದು ಜೋವ್ ಎಂಬ ಹೆಸರಿನಿಂದ. ಅದು ರೋಮನ್ನರ ದೇವರು ಜುಪಿಟರ್‌ಗೆ ಇನ್ನೊಂದು ಹೆಸರು. ಜುಪಿಟರ್ ಎಂದರೆ ನಮ್ಮ ಗುರು ಗ್ರಹ. ಆ ಗ್ರಹದ ಬಲದಲ್ಲಿ ಹುಟ್ಟಿದವರು ನಗುನಗುತ್ತಾ ಇರುತ್ತಾರೆ ಎಂದು ಯುರೋಪಿನ ಹಳೆಯ ಜ್ಯೋತಿಷಿಗಳು ಹೇಳುತ್ತಿದ್ದರು. ನಮ್ಮಲ್ಲಿ ಗುರುಬಲ ಬಂದರೆ ಮದುವೆ ಕೂಡಿಬರುತ್ತದೆ ಎನ್ನುತ್ತಾರಲ್ಲ, ಹಾಗೆ.

ಅದರ ಎದುರು ನಿಲ್ಲುವ ಪದ ‘ಸ್ಯಾಟರ್ನೈನ್’. ಸ್ಯಾಟರ್ನ್ ಎಂದರೆ ಶನಿ. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 29 ವರೆ ವರ್ಷ ಬೇಕು. ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಅದರದೇ ನಿಧಾನ ನಡಿಗೆ. ‘ಶನೈಶ್ಚರ’ ಎಂಬ ಹೆಸರಿಗೂ ಮೆಲ್ಲಗೆ ನಡೆಯುವವನು ಎಂದೇ ಅರ್ಥ. ಹಾಗೆ ಭಾರವಾದ, ನಗದ, ಕಪ್ಪಿಟ್ಟ ಮೋರೆಯವರನ್ನು ಇಂಗ್ಲಿಷಿನವರು ಸ್ಯಾಟರ್ನೈನ್ ಎಂದು ಕರೆದರು.

ಈ ಜೋಡಿಗೆ ಕೊಕ್ಕೆ ನಾನು ಕೊಡುವುದಿಲ್ಲ, ನೀವೇ ಹುಡುಕಿ. ಹೊಸ ಪುಟ ತೆರೆಯಿರಿ, ಮೇಲೆ ತಾರೀಕು ಹಾಕಿ. ಎಡಗಡೆ ಗುರು, ಬಲಗಡೆ ಶನಿ. ಕೆಳಗೆ ನಿಮಗೆ ಗೊತ್ತಿರುವ ಇಬ್ಬರ ಮುಖ.